ಖಾಲಿ ಇದ್ದ ಸೀಟು

ಮಗ ನರೇಶನನ್ನು ಕಲ್ಪಳ್ಳಿ ಸ್ಮಶಾನದಲ್ಲಿ ಮಣ್ಣು ಮಾಡಿ ಗಂಡಸರು ವಾಪಸು ಬಂದ ಮಧ್ಯಾಹ್ನ ಗೋವಿಂದಮ್ಮ ಮಗಳ ಮುಂಗೈ ಹಿಡಿದುಕೊಂಡವಳು ಆಮೇಲೆ ಬಿಡಲೇ ಇಲ್ಲ. ಧನುಶ್ರೀ ನೀರು ಕುಡಿಯಲು ಎದ್ದರೆ "ಎಲ್ಲಿಗೆ?" ಬಚ್ಚಲಿಗೆ ಎದ್ದರೆ "ಎಲ್ಲಿಗೆ?" ಪಕ್ಕದ ಮನೆಯ ಸೆಲ್ವಿ ಆಂಟಿ ಕಾಫಿ ಕಾಸಿ ತಂದುಕೊಟ್ಟಾಗ ಒಂದೇ ಕೈಯಲ್ಲಿ ಲೋಟ ಎತ್ತಿ ಕುಡಿದಳು. ಇನ್ನೊಂದು ಕೈ ಮಗಳ ಮೇಲೆಯೇ ಇತ್ತು.

ಆ ಹಿಡಿತ ಧನುಶ್ರೀಗೆ ಹೊಸದು. ಏಳನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ಇದೇ ಅಮ್ಮ ಅವಳ ಬಟ್ಟೆಬರೆಯನ್ನು ಟ್ರಂಕಿಗೆ ತುಂಬಿ ಮೈಸೂರಿಗೆ ಕಳಿಸಿದ್ದಳು. ಅಪ್ಪನ ಅಕ್ಕ ಅಣ್ಣಮ್ಮ ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಅವರಿಗೆ ಮಕ್ಕಳಿರಲಿಲ್ಲ. "ಗಂಡು ನನಗಿರ್ಲಿ, ಹೆಣ್ಣು ಅತ್ಗೆಗೆ ಜೊತೆಯಾಗ್ಲಿ" ಎಂದು ಅಮ್ಮ ನೆಂಟರ ಮುಂದೆ ನಗುತ್ತ ಹೇಳಿದ್ದು ಧನುಶ್ರೀ ಮರೆತಿರಲಿಲ್ಲ. ಅವತ್ತು ಹಲಸೂರಿನ ಆ ಓಣಿಯ ತುದಿಯವರೆಗೂ ಟ್ರಂಕು ಹೊತ್ತು ಬಂದವನು ನರೇಶ. ಆಟೋ ಹೊರಟ ಮೇಲೂ ಹಿಂದೆ ಓಡಿ ಬಂದಿದ್ದ.

ಹಾಗೆ ಹೋದವಳು ಮೈಸೂರಿನಲ್ಲೇ ಬೇರು ಬಿಟ್ಟಳು. ಹೈಸ್ಕೂಲು, ಪಿಯುಸಿ, ಆಮೇಲೆ ಬಿ.ಕಾಂ. ಮೊದಲ ವರ್ಷ. ಅಕೌಂಟೆನ್ಸಿ ಅವಳಿಗೆ ಹಿಡಿಸಿದ ರೀತಿ ಅವಳಿಗೇ ಸೋಜಿಗ. ಟ್ರಯಲ್ ಬ್ಯಾಲೆನ್ಸಿನ ಎರಡು ಬದಿ ಸಮ ಬಾರದೆ ಹೋದಾಗ ಉಳಿದ ಹುಡುಗಿಯರು ಬೇಜಾರಾಗಿ ಪೆನ್ನು ಮುಚ್ಚುತ್ತಿದ್ದರು. ಇವಳು ಊಟ ಬಿಟ್ಟು ತಪ್ಪು ಹುಡುಕುತ್ತಿದ್ದಳು, ಸಿಕ್ಕಿದಾಗ ಒಬ್ಬಳೇ ನಗುತ್ತಿದ್ದಳು. ಪಾಠ ಹೇಳುತ್ತಿದ್ದ ಹಂಸ ಮೇಡಂ ಅದನ್ನು ನೋಡಿಕೊಂಡೇ ಇದ್ದು ಒಂದು ದಿನ, "ನೀನು ಬಿ.ಕಾಂ.ಗೆ ನಿಲ್ಲಬೇಡ ಕಣೇ. ಐಸಿಡಬ್ಲ್ಯೂಎ ಕಟ್ಟು, ಕಾಸ್ಟ್ ಅಕೌಂಟೆಂಟ್ ಆಗು. ಎರಡನೇ ವರ್ಷದಲ್ಲಿ ನಾನೇ ಕೂರಿಸ್ಕೊಂಡು ಹೇಳಿಕೊಡ್ತೀನಿ" ಎಂದರು. ಆ ಮಾತನ್ನು ಅವಳು ಅತ್ತೆಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲಿ ಸವೆದುಹೋದೀತೋ ಎನ್ನುವ ಹಾಗೆ ಒಳಗೇ ಇಟ್ಟುಕೊಂಡಿದ್ದಳು.

ನರೇಶ ಅವಳಿಗಿಂತ ಒಂದು ವರ್ಷ ದೊಡ್ಡವನು. ಪಿಯುಸಿಯಲ್ಲಿ ಒಮ್ಮೆ ಡುಮ್ಕಿ ಹೊಡೆದಿದ್ದರಿಂದ ಅಣ್ಣ ತಂಗಿ ಒಂದೇ ವರ್ಷದ ಬಿ.ಕಾಂ.ಗೆ ಬಂದಿದ್ದರು. ಅವನದು ರಿಚರ್ಡ್ಸ್ ಟೌನ್ ಕಡೆಯ ಒಂದು ಹೆಸರುವಾಸಿ ಕಾಲೇಜು. ಕೋಟಾದಲ್ಲಿ ಅಲ್ಲಿ ಸೀಟು ಸಿಕ್ಕಿದ ದಿನ ಅಮ್ಮ ಓಣಿಗೆಲ್ಲ ಮೈಸೂರುಪಾಕು ಹಂಚಿದ್ದಳಂತೆ. ತೊಂಬತ್ತೇಳರ ಮೇ ತಿಂಗಳಲ್ಲಿ, ಪರೀಕ್ಷೆ ಮುಗಿದ ಖುಷಿಗೆ, ಅವನು ಮತ್ತು ಮೂವರು ಗೆಳೆಯರು ಕೆ.ಆರ್. ಪುರದ ಆಚೆಗಿದ್ದ ಹಳೇ ಕಲ್ಲುಕ್ವಾರಿಗೆ ಈಜಲು ಹೋದರು. ಮೂವರು ವಾಪಸು ಬಂದರು.

ಕಾರ್ಯವೆಲ್ಲ ಮುಗಿದ ಮೇಲೆ ಅಣ್ಣಮ್ಮತ್ತೆ ಹೊರಟು ನಿಂತರು. ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಪಕ್ಕದಲ್ಲಿ ಈಗ ನರೇಶನ ಕಾಲೇಜು ಐಡೆಂಟಿಟಿ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಹಾಕಿದ್ದರು. ದೊಡ್ಡದು ಮಾಡಿಸಿದ್ದರಿಂದ ಅವನ ಮುಖ ಮಂಜುಮಂಜಾಗಿತ್ತು.

"ಧನುನ ಕರ್ಕೊಂಡು ಹೋಗ್ತೀನಿ ಗೋವಿಂದಾ. ಮುಂದಿನ ತಿಂಗಳು ಕಾಲೇಜು ಶುರುವಾಗುತ್ತೆ" ಎಂದರು ಅತ್ತೆ.

"ಅವಳು ಬರಲ್ಲ."

"ಓದು ಅರ್ಧಕ್ಕೆ ನಿಂತೋಗುತ್ತಲ್ಲೇ."

ಅಮ್ಮ ತಲೆ ಎತ್ತಿದಳು. ಅತ್ತೂ ಅತ್ತೂ ಅವಳ ದನಿ ಗಂಡಸಿನ ದನಿಯಂತಾಗಿತ್ತು. "ನಿಮಗೆ ಕೊಟ್ಟಾಗ ನನ್ನ ಹತ್ರ ಒಬ್ಬ ಇದ್ದ ಅತ್ಗೆ. ಈಗ ನೀವು ಕೊಡಿ."

ಅತ್ತೆ ಚೀಲ ಕೆಳಗಿಟ್ಟು ಗೋಡೆಗೆ ಒರಗಿ ಅಳತೊಡಗಿದರು. ಧನುಶ್ರೀ ಇಬ್ಬರ ಮಧ್ಯೆ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗೆ ಮಾತಾಡಿದವನು ಅಪ್ಪ. ಅಂಜನಮೂರ್ತಿ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರು. ಶಿಫ್ಟಿಗೆ ಹೋಗಿ ಬಂದು, ಪೇಪರು ಓದಿ ಮಲಗುವ ಮನುಷ್ಯ, ಮಾತು ಕಮ್ಮಿ. "ಇಲ್ಲೇ ಒಂದು ಕಾಲೇಜು ನೋಡೋಣ ಬಿಡಮ್ಮ. ಟ್ರಾನ್ಸ್‌ಫರ್ ಮಾಡ್ಕೊಡ್ತಾರಂತೆ" ಎಂದ, ಗೋಡೆ ಗಡಿಯಾರದ ಕಡೆ ನೋಡುತ್ತ.

ಹಾಗೆ ಶುರುವಾಯಿತು ಅವರಿಬ್ಬರ ಅಲೆದಾಟ. ಅಪ್ಪನಿಗೆ ಸೆಕೆಂಡ್ ಶಿಫ್ಟ್ ಇದ್ದ ವಾರಗಳಲ್ಲಿ ಬೆಳಿಗ್ಗೆ ತಿಂಡಿ ತಿಂದು ಹೊರಡುತ್ತಿದ್ದರು. ಮೊದಲ ವರ್ಷಕ್ಕಾದರೆ ಅರ್ಜಿ ಕೊಡುವ ಕೌಂಟರು, ಕ್ಯೂ, ಗೋಡೆಗೆ ಅಂಟಿಸಿದ ಪಟ್ಟಿ ಎಲ್ಲ ಇರುತ್ತದೆ. ಎರಡನೇ ವರ್ಷಕ್ಕೆ ಹೊರಗಿನಿಂದ ಬರುವವರಿಗೆ ಇದ್ಯಾವುದೂ ಇಲ್ಲ. ಯಾರಾದರೂ ಓದು ಬಿಟ್ಟುಹೋಗಿದ್ದರೆ ಜಾಗ, ಇಲ್ಲದಿದ್ದರೆ ಇಲ್ಲ. ಬೇರೆ ಯೂನಿವರ್ಸಿಟಿಯಿಂದ ಬರುತ್ತಿದ್ದಾಳೆ ಎಂದರಂತೂ ಗುಮಾಸ್ತರು ಪೆನ್ನು ಕೆಳಗಿಟ್ಟು ನಿಟ್ಟುಸಿರು ಬಿಡುತ್ತಿದ್ದರು. ಮೈಸೂರಿನಲ್ಲಿ ಓದಿದ ಪೇಪರುಗಳು ಇಲ್ಲಿಯವಕ್ಕೆ ಸರಿಹೊಂದುತ್ತವೆ ಎಂದು ಯೂನಿವರ್ಸಿಟಿಯಿಂದ ಬರೆಸಿಕೊಂಡು ಬರಬೇಕು. ಒಂದು ಪೇಪರು ಹೊಂದುವುದೇ ಇಲ್ಲ, ಅದನ್ನು ಹೊಸದಾಗಿ ಬರೆಯಬೇಕು.

ಇಂದಿರಾನಗರದಲ್ಲಿ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಹೊಸದೊಂದು ಕಾಲೇಜು ತೆರೆದಿದ್ದರು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಅಲ್ಲಿಯ ಪ್ರಿನ್ಸಿಪಾಲರು ಅವಳ ಅಂಕಗಳನ್ನು ನೋಡಿ ಖುಷಿಯಾದರು. "ಬನ್ನಿ ಬನ್ನಿ, ಇಂಥವರೇ ಬೇಕು ನಮಗೆ. ಆದರೆ ಈ ವರ್ಷ ಫಸ್ಟ್ ಇಯರ್ ಮಾತ್ರ ಇರೋದು. ಮತ್ತೆ ಮೊದಲಿಂದ ಶುರು ಮಾಡಿ, ಏನಂತೆ?" ಎಂದರು.

ಕೆ.ಆರ್. ಪುರದಲ್ಲಿ ಒಂದು ಕಾಲೇಜಿನಲ್ಲಿ ಎರಡನೇ ವರ್ಷಕ್ಕೆ ಬೇಕಾದಷ್ಟು ಜಾಗವಿತ್ತು. ಯಾಕಿದೆ ಎಂದು ಅಲ್ಲಿಯ ಹುಡುಗಿಯೊಬ್ಬಳನ್ನು ಕೇಳಿದಾಗ ಗೊತ್ತಾಯಿತು. ಅಕೌಂಟ್ಸಿನ ಮೇಷ್ಟ್ರು ಕೆಲಸ ಬಿಟ್ಟು ಹೋಗಿ ವರ್ಷವಾಗುತ್ತ ಬಂದಿತ್ತಂತೆ. "ಗೈಡ್ ತಗೊಂಡು ನಾವೇ ಓದ್ಕೊಳ್ಳೋದು ಕಣ್ರೀ. ಕಾಸ್ಟಿಂಗ್ ಅಂತೂ ಇಲ್ಲವೇ ಇಲ್ಲ" ಎಂದಳು ಅವಳು. ಕಾಸ್ಟಿಂಗ್ ಇಲ್ಲದೆ ಐಸಿಡಬ್ಲ್ಯೂಎ ಕಡೆಗೆ ಹೋಗುವುದು ಹೇಗೆ? ಅಪ್ಪನಿಗೆ ಇದನ್ನೆಲ್ಲ ವಿವರಿಸುವ ಶಕ್ತಿ ಅವಳಿಗೆ ಅವತ್ತು ಇರಲಿಲ್ಲ. "ಇದು ಬೇಡಪ್ಪಾ" ಎಂದಳು, ಅಷ್ಟೆ. ಅವನೂ ಯಾಕೆಂದು ಕೇಳಲಿಲ್ಲ.

ಶಿವಾಜಿನಗರದ ಬಸ್ ಸ್ಟ್ಯಾಂಡಿಗೆ ಹತ್ತಿರದಲ್ಲಿ ಒಂದು ಸಂಜೆ ಕಾಲೇಜಿತ್ತು. ಅಲ್ಲಿ ಎಲ್ಲವೂ ಸರಿಯಿತ್ತು. ಜಾಗವಿತ್ತು, ಕಾಸ್ಟಿಂಗ್ ಇತ್ತು, ಹಳಬರಾದ ಮೇಷ್ಟ್ರುಗಳಿದ್ದರು. ಹಗಲು ಕೆಲಸ ಮಾಡುವವರಿಗಾಗಿ ಇರುವ ಕಾಲೇಜು, ಕ್ಲಾಸು ಮುಗಿಯುವಾಗ ಕತ್ತಲಾಗಿರುತ್ತಿತ್ತು. ಮನೆಗೆ ಬಂದು ಹೇಳಿದ್ದೇ ತಡ ಅಮ್ಮ, "ಕತ್ತಲಾದ ಮೇಲೆ ಒಬ್ಬಳೇ ಶಿವಾಜಿನಗರದಿಂದ ಬರ್ತಾಳಾ? ನಾನು ಬದುಕಿರೋವರೆಗೂ ಆಗಲ್ಲ" ಎಂದಳು. ಆಮೇಲೆ ದಿನಾ ಕೇಳುತ್ತಿದ್ದ ಆ ಒಂದು ಪ್ರಶ್ನೆಯನ್ನು ಮತ್ತೆ ಕೇಳಿದಳು. "ಅವನ ಕಾಲೇಜಲ್ಲಿ ಕೇಳಿದ್ರಾ?"

ಅಲ್ಲಿಗೆ ಮಾತ್ರ ಅವರು ಹೋಗಿರಲಿಲ್ಲ. ಅಪ್ಪ ಆ ದಾರಿಯ ಬಸ್ಸು ಬಂದರೆ ಮುಖ ತಿರುಗಿಸುತ್ತಿದ್ದ. ಬೇರೆಲ್ಲ ಮುಗಿದ ಮೇಲೆ, ಒಂದು ಶುಕ್ರವಾರ, ಇಬ್ಬರೂ ಹೋದರು.

ದೊಡ್ಡ ಮರಗಳು, ಕಲ್ಲಿನ ಕಟ್ಟಡ. ಆಫೀಸಿನಲ್ಲಿ ವಯಸ್ಸಾದ ಸೂಪರಿಂಟೆಂಡೆಂಟರು ಕೂತಿದ್ದರು. "ಸೆಕೆಂಡ್ ಬಿ.ಕಾಂ. ಫುಲ್ಲಾಗಿದೆ" ಎಂದರು, ಮೊದಲೇ.

"ಎಸ್ಸಿ ಕೋಟಾದಲ್ಲಿ ಏನಾದ್ರೂ..." ಎಂದ ಅಪ್ಪ.

ಅವರು ರಿಜಿಸ್ಟರು ಎಳೆದುಕೊಂಡು ಬೆರಳು ಆಡಿಸಿದರು. "ಅದರಲ್ಲಿ ಒಂದಿದೆ. ಅದೇ ಕೆಟಗರಿಯವರಿಗೇ ಕೊಡ್ಬೇಕು ಅದನ್ನ. ಒಬ್ಬ ಹುಡುಗ ಬಿಟ್ಟಿದ್ದಾನೆ. ಪಾಸಾಗಿದ್ದಾನೆ, ಆದ್ರೂ ಬಿಟ್ಟಿದ್ದಾನೆ. ಹೆಸರು..." ಬೆರಳು ನಿಂತಿತು. ಎದುರಿಗಿದ್ದ ಅರ್ಜಿಯಲ್ಲಿ ತಂದೆಯ ಹೆಸರು ನೋಡಿದರು, ರಿಜಿಸ್ಟರಿನಲ್ಲಿ ನೋಡಿದರು. ಕನ್ನಡಕ ತೆಗೆದರು.

"ನಿಮ್ಮ ಮಗನಾ?"

"ಹೂಂ ಸಾರ್."

"ಕ್ವಾರೀಲಿ ಹೋದ ಹುಡುಗ ಇವನೇ ಅಂತ ಹೊಳೀಲಿಲ್ಲ, ಬಿಟ್ಟಿದ್ದಾನೆ ಅಂದ್ಬಿಟ್ಟೆ. ತಪ್ಪಾಯ್ತು" ಎಂದರು ಅವರು. ರಿಜಿಸ್ಟರು ಮುಚ್ಚಿಟ್ಟರು. ಆಮೇಲೆ ಅವರೇ ಮೆಲ್ಲಗೆ, "ಸೋಮವಾರ ಬಂದು ಹೇಳಿ. ಆಮೇಲೆ ಬೇರೆ ಯಾರಾದ್ರೂ ಕೇಳ್ಕೊಂಡು ಬಂದ್ರೆ ನಾನು ಇಲ್ಲ ಅನ್ನೋಕಾಗಲ್ಲ" ಎಂದರು. ಅಂದರೆ ನರೇಶ ಪಾಸಾಗಿದ್ದ. ಆ ಸುದ್ದಿ ಅವರಿಗೆ ತಿಳಿದದ್ದು ಹೀಗೆ.

ಕೋಲ್ಸ್ ಪಾರ್ಕಿನವರೆಗೆ ನಡೆದು ಒಂದು ಬೆಂಚಿನ ಮೇಲೆ ಕೂತರು. ಅಪ್ಪ ಚಪ್ಪಲಿ ಬಿಟ್ಟು ಕಾಲು ಒತ್ತಿಕೊಂಡ.

"ನಿನಗೆ ಮೈಸೂರಿಗೇ ಹೋಗ್ಬೇಕು ಅನ್ಸುತ್ತಾ?"

"ಹೂಂ" ಎಂದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ಹೋಗು ಅಂತ ನಾನು ಅಂದ್ಬಿಡ್ತೀನಿ. ನನಗೇನು." ಅಪ್ಪ ಚಪ್ಪಲಿಯನ್ನು ಕಾಲಿನಿಂದ ಹತ್ತಿರಕ್ಕೆ ಎಳೆದುಕೊಂಡ. "ಆಮೇಲೆ ಮನೇಲಿ ಅವಳು, ನಾನು ಇಬ್ಬರೇ. ಅವಳು ನೆಟ್ಟಗೆ ಒಂದು ಊಟ ಮಾಡಿ ಎಷ್ಟು ದಿನ ಆಯ್ತು, ನೋಡಿದ್ಯಲ್ಲ. ಏನೋ ಕಣಮ್ಮ. ನಿನ್ನಿಷ್ಟ."

ಅಪ್ಪ ಅದನ್ನು ಹೊರೆ ಹೊರಿಸಲು ಹೇಳಿದ್ದಲ್ಲ. ನಿಜವಾಗಿಯೂ ಅವಳಿಷ್ಟ ಎಂದೇ ಹೇಳಿದ್ದ. ಆದರೆ ಆ ಮೂರಕ್ಷರದ ಮಾತಿಗಿಂತ ಭಾರವಾದದ್ದನ್ನು ಅವಳು ಅಲ್ಲಿಯವರೆಗೆ ಎತ್ತಿರಲಿಲ್ಲ.

ದಾರಿಯಲ್ಲಿ ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನು ಮಾಡಿದಳು. "ನಿನ್ನ ಸೀಟು ಇನ್ನೂ ಇದೆ ಮಗಳೇ" ಎಂದರು ಅತ್ತೆ. "ಆದ್ರೆ ಒಂದ್ಸಲ ಟಿಸಿ ತಗೊಂಡ್ರೆ ಮುಗೀತು, ವಾಪಸು ಸೇರಿಸ್ಕೊಳ್ಳಲ್ಲ ಅಂತ ಹಂಸ ಮೇಡಂ ಹೇಳಿದ್ರು. ಯೋಚನೆ ಮಾಡಿ ಮಾಡು." ಗಾಜಿನ ಆಚೆ ಅಪ್ಪ ನಿಂತಿದ್ದ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡು, ಮೂಳೆಗಳು ಕಾಣುತ್ತಿದ್ದವು. "ಸರಿ ಅತ್ತೆ" ಎಂದು ಇಟ್ಟುಬಿಟ್ಟಳು.

ಮನೆಯಲ್ಲಿ ಸುದ್ದಿ ಹೇಳಿದವನು ಅಪ್ಪ. ಮಲಗಿದ್ದ ಅಮ್ಮ ಎದ್ದು ಕೂತಳು.

"ಪಾಸಾಗಿದ್ದಾನಾ?"

"ಹೂಂ."

"ಅವನ ಜಾಗಾನೇನಾ ಕೊಡೋದು?"

"ಅದೊಂದೇ ಇರೋದಂತೆ."

ಅಮ್ಮ ಎದ್ದಳು. ಮುಖ ತೊಳೆದಳು, ತಲೆ ಗಂಟು ಹಾಕಿಕೊಂಡಳು, ಸ್ಟೌ ಹಚ್ಚಿದಳು. ಅಷ್ಟು ದಿನ ಸೆಲ್ವಿ ಆಂಟಿ ಕೊಟ್ಟದ್ದು, ಧನುಶ್ರೀ ಬೇಯಿಸಿದ್ದು ತಿಂದುಕೊಂಡಿದ್ದ ಮನೆಯಲ್ಲಿ ಮುದ್ದೆ ತೊಳಸುವ ಸದ್ದು ಕೇಳಿಸಿತು. ಮೂವರೂ ಕೂತು ಉಂಡರು. ಅಮ್ಮನ ಗಂಟಲಲ್ಲಿ ತುತ್ತು ಇಳಿಯುವುದನ್ನು ನೋಡುತ್ತ ಕೂತ ಧನುಶ್ರೀ, "ಅಲ್ಲೇ ಸೇರ್ಕೋತೀನಿ ಬಿಡಮ್ಮ" ಎಂದಳು. ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು.

ಮೊದಲ ದಿನ ಹಾಜರಿ ಕರೆದಾಗ ಹಳೆಯ ಪಟ್ಟಿಯೇ ಇತ್ತು. ಮೇಷ್ಟ್ರು ಪ್ರೇಮ್‌ಕುಮಾರ್ ಎನ್ನುವವರು ಆ ವರ್ಷ ಹೊಸದಾಗಿ ಬಂದವರು, ಏನೂ ಗೊತ್ತಿಲ್ಲ. "ನರೇಶ್. ಎ. ನರೇಶ್" ಎಂದು ಎರಡು ಸಲ ಕರೆದರು. ಅರವತ್ತು ಹುಡುಗ ಹುಡುಗಿಯರು ಪುಸ್ತಕದ ಕಡೆ ತಲೆ ಬಗ್ಗಿಸಿದರು. ಕೊನೆಗೆ ಧನುಶ್ರೀ ಎದ್ದು ನಿಂತು, "ಅವರಿಲ್ಲ ಸಾರ್. ಆ ನಂಬರು ನನ್ನದು" ಎಂದಳು. ಮೇಷ್ಟ್ರು ತಲೆಯಾಡಿಸಿ ಹೆಸರು ತಿದ್ದಿಕೊಂಡರು. ಮಧ್ಯಾಹ್ನದೊಳಗೆ ಅವಳು ಯಾರೆಂದು ಎಲ್ಲರಿಗೂ ಗೊತ್ತಾಗಿತ್ತು. ಆಮೇಲೆ ಅವಳ ಪಕ್ಕ ಕೂರುತ್ತಿದ್ದ ಹುಡುಗಿಯರು ಅವಳೆದುರು ನಗುವುದನ್ನೇ ಬಿಟ್ಟರು. ಕನಿಕರದಿಂದಲೇ. ಅವಳು ಬರುವಾಗ ಜೋಕು ಅರ್ಧಕ್ಕೆ ನಿಲ್ಲುತ್ತಿತ್ತು.

ಮನೆಯಲ್ಲಿ ಅಮ್ಮ ಕಾಯುತ್ತಿರುತ್ತಿದ್ದಳು. ಏನು ಪಾಠವಾಯಿತು ಎಂದು ಒಂದು ದಿನವೂ ಕೇಳಲಿಲ್ಲ. "ಅವನು ಎಲ್ಲಿ ಕೂರ್ತಿದ್ದ? ಕೇಳ್ಕೊಂಡು ಬಂದ್ಯಾ? ಕಿಟಕಿ ಹತ್ರಾನಾ? ಈಗ ಅಲ್ಲಿ ಯಾರು ಕೂರ್ತಾರೆ?" ಧನುಶ್ರೀ ಕೇಳಿ ತಿಳಿದುಕೊಂಡಳು, ಮೂರನೇ ಬೆಂಚು, ಕಿಟಕಿ ಪಕ್ಕ. ಹೇಳಿದ್ದೇ ತಪ್ಪಾಯಿತು. ಒಂದು ದಿನ ಮಧ್ಯಾಹ್ನ ಬಿಸಿ ಊಟದ ಡಬ್ಬಿ ಹಿಡಿದು ಅಮ್ಮ ಕಾಲೇಜಿಗೇ ಬಂದುಬಿಟ್ಟಳು. ಮಗಳ ಕೈಗೆ ಡಬ್ಬಿ ಕೊಟ್ಟು ನೇರ ಕ್ಲಾಸಿನೊಳಗೆ ಹೋಗಿ, ಹುಡುಗರ ಸಾಲಿನ ಮೂರನೇ ಬೆಂಚಿನಲ್ಲಿ ಕೂತು, ಮುಂದಿನ ಡೆಸ್ಕಿನ ಮರವನ್ನು ಅಂಗೈಯಿಂದ ಸವರತೊಡಗಿದಳು. ಊಟ ಮಾಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಎದ್ದು ಹೊರಗೆ ಹೋದರು. ಧನುಶ್ರೀ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಮ್ಮನನ್ನು ಎಬ್ಬಿಸಿ ಕರೆತರಲು ಅವಳಿಂದ ಆಗಲಿಲ್ಲ.

ಅಮ್ಮ ಅವಳನ್ನು ಹೆಸರು ಹಿಡಿದು ಕರೆಯುವುದೂ ನಿಂತುಹೋಗಿತ್ತು. "ಮಗಾ, ಏಳು, ಹೊತ್ತಾಯ್ತು." "ಮಗಾ, ಊಟ ಹಾಕ್ಲಾ?" ಹೆಣ್ಣುಮಕ್ಕಳನ್ನೂ ಹಾಗೆ ಕರೆಯುವುದುಂಟು. ಆದರೂ ಬೆಳಿಗ್ಗೆ ಕಣ್ಣು ಬಿಡುವಾಗೆಲ್ಲ ಅವಳಿಗೆ, ಅಮ್ಮ ಎಬ್ಬಿಸುತ್ತಿರುವುದು ತನ್ನನ್ನೇ ಹೌದೋ ಅಲ್ಲವೋ ಎನ್ನಿಸುತ್ತಿತ್ತು.

ಪಾಠಗಳಾದರೂ ಇದ್ದವಲ್ಲ ಎಂದರೆ, ಅವೂ ಕೈಬಿಟ್ಟವು. ಸೆಪ್ಟೆಂಬರಿನಲ್ಲಿ ಪಾಲುದಾರಿಕೆಯ ಲೆಕ್ಕ ಶುರುವಾಯಿತು. ಪಾಲುದಾರ ಸೇರುವುದು, ಪಾಲುದಾರ ನಿವೃತ್ತನಾಗುವುದು, ಪಾಲುದಾರ ಸಾಯುವುದು. ಮೈಸೂರಿನಲ್ಲಿದ್ದರೂ ಇದೇ ಅಧ್ಯಾಯ ಬರುತ್ತಿತ್ತು, ಅದು ಅವಳಿಗೆ ಗೊತ್ತಿತ್ತು. ಪ್ರೇಮ್‌ಕುಮಾರ್ ಮೇಷ್ಟ್ರು ಬೋರ್ಡಿನ ಮೇಲೆ ಎ, ಬಿ, ಸಿ ಎಂದು ಬರೆದು ಸಿ ಮೇಲೆ ಗೀಟು ಎಳೆದರು. "ಸಿ ಡೈಸ್, ಸಿ ಸತ್ತ. ಓಕೆ? ಇವನ ಪಾಲು ಎಲ್ಲಿಗೆ ಹೋಗುತ್ತೆ? ಉಳಿದವರಿಗೆ. ಬದುಕಿರೋವರು ಸತ್ತವನಿಂದ ಎಷ್ಟು ಗೇನ್ ಮಾಡಿದ್ರು ಅನ್ನೋದೇ ಗೇನಿಂಗ್ ರೇಷಿಯೋ. ಬರ್ಕೊಳ್ಳಿ." ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಮೇಷ್ಟ್ರು ಲೆಕ್ಕವೊಂದನ್ನು ಕೊಟ್ಟು, "ನೀವು ಬನ್ನಿ, ಮಾಡಿ" ಎಂದು ಅವಳನ್ನೇ ಕರೆದರು. ಟೆಸ್ಟಿನಲ್ಲಿ ಅವಳಿಗೇ ಹೆಚ್ಚು ಅಂಕ ಬಂದದ್ದು ಅವರಿಗೆ ನೆನಪಿತ್ತು, ಬೇರೇನೂ ಅವರ ಮನಸ್ಸಿನಲ್ಲಿರಲಿಲ್ಲ. ಧನುಶ್ರೀ ಹೋಗಿ ಚಾಕ್‌ಪೀಸು ತೆಗೆದುಕೊಂಡಳು. ಲೆಕ್ಕ ಅವಳಿಗೆ ಬರುತ್ತಿತ್ತು. ಉತ್ತರವೂ ಕಣ್ಣ ಮುಂದೆ ಇತ್ತು. ಕೈ ಮಾತ್ರ ಏಳಲಿಲ್ಲ. ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟಳು.

ಗೇಟಿನ ಹತ್ತಿರ ಯಾರೋ ಓಡಿ ಬಂದರು. ನಯಾಜ್, ನರೇಶನ ಗೆಳೆಯ. ಅವತ್ತು ಕ್ವಾರಿಯಿಂದ ವಾಪಸು ಬಂದ ಮೂವರಲ್ಲಿ ಒಬ್ಬ. ಇಷ್ಟು ದಿನ ಅವಳು ಎದುರು ಬಂದರೆ ದಾರಿ ಬದಲಿಸುತ್ತಿದ್ದವನು.

"ಸಿಸ್ಟರ್, ಒಂದು ನಿಮಿಷ. ಒಂದು ಮಾತು ಹೇಳ್ಬೇಕು."

ಅವಳು ನಿಂತಳು.

"ನಿಮ್ಮಮ್ಮ ಬಂದು ಬೆಂಚು ಮುಟ್ಟಿ ಮುಟ್ಟಿ ನೋಡ್ತಿದ್ರಲ್ಲ, ಅವತ್ತಿಂದ ನನಗೆ ನಿದ್ದೆ ಇಲ್ಲ. ಅವನು ಸೆಕೆಂಡ್ ಇಯರ್‌ಗೆ ಬರ್ತಾನೇ ಇರ್ಲಿಲ್ಲ, ಸಿಸ್ಟರ್. ಖುದಾ ಕಸಂ. ಅಕೌಂಟ್ಸ್ ಅಂದ್ರೆ ಅವನಿಗೆ ಜ್ವರ ಬರ್ತಿತ್ತು. ನಮ್ಮ ರಹೀಂ ಮಾಮು ಗ್ಯಾರೇಜಲ್ಲಿ ಕೆಲಸಕ್ಕೆ ಸೇರ್ಕೋತೀನಿ ಅಂತ ಮಾತಾಡಿ ಆಗಿತ್ತು. ರಜಾದಲ್ಲಿ ಮನೇಲಿ ಹೇಳ್ತೀನಿ, ಧನು ಬರ್ಲಿ, ಅವಳಿದ್ರೆ ಅಮ್ಮ ಜಾಸ್ತಿ ಬಯ್ಯಲ್ಲ ಅಂತಿದ್ದ."

ರಸ್ತೆಯಲ್ಲಿ ಒಂದು ಆಟೋ ಹೋಯಿತು. ಧನುಶ್ರೀಗೆ ಮೊದಲು ಬಂದದ್ದು ಸಿಟ್ಟು. "ಇದನ್ನ ನನಗ್ಯಾಕೆ ಹೇಳಿದ್ರಿ?"

"ಗೊತ್ತಿಲ್ಲ" ಎಂದ ನಯಾಜ್. ಗೇಟಿನ ಕಂಬಿ ಹಿಡಿದುಕೊಂಡ. "ಯಾರಿಗಾದ್ರೂ ಹೇಳ್ಬೇಕಿತ್ತು."

ಅವನು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಅಣ್ಣ ತಾನಾಗಿಯೇ ಬೇಡವೆಂದು ಎದ್ದು ಹೋಗಲಿದ್ದ ಜಾಗ. ಅದಕ್ಕಾಗಿ ತಾನು ಮೈಸೂರು ಬಿಟ್ಟದ್ದು. ಅದನ್ನು ಅಮ್ಮ ಗುಡಿಯಂತೆ ನಡೆಸಿಕೊಳ್ಳುತ್ತಿರುವುದು. ಈಗ ತನಗೆ ತಿಳಿದದ್ದನ್ನು ತಿಳಿಯದ ಹಾಗೆ ಮಾಡುವವರು ಯಾರೂ ಇರಲಿಲ್ಲ.

ಮರುದಿನ ಬೂತಿನಿಂದ ಅತ್ತೆಗೆ ಫೋನು ಮಾಡಿ ಮೈಸೂರಿನ ತನ್ನ ಹಳೆಯ ಸೀಟಿನ ಬಗ್ಗೆ ಕೇಳಿದಳು. ಅತ್ತೆ ಹಂಸ ಮೇಡಂ ಅವರನ್ನು ಕಂಡು ಬಂದು ಹೇಳಿದ್ದು ನಿರೀಕ್ಷಿಸಿದ್ದೇ. ಆ ಸೀಟಿಗೆ ಮಂಡ್ಯದ ಹುಡುಗಿಯೊಬ್ಬಳು ಬಂದಿದ್ದಳು. ಈ ವರ್ಷ ಏನೂ ಮಾಡುವ ಹಾಗಿಲ್ಲ.

ಅಲ್ಲಿಂದಾಚೆ ಧನುಶ್ರೀ ದಿನಾ ಮನೆಯಿಂದ ಹೊರಡುತ್ತಿದ್ದಳು, ಕಾಲೇಜಿಗೆ ಹೋಗುತ್ತಿದ್ದದ್ದು ಅಪರೂಪ. ಸ್ಟೂಡೆಂಟ್ ಪಾಸಿತ್ತು. ಶಿವಾಜಿನಗರದಲ್ಲಿ ಕೆ.ಆರ್. ಪುರದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ ಹಲಸೂರು, ಇಂದಿರಾನಗರ, ಟಿನ್ ಫ್ಯಾಕ್ಟರಿ ಎಲ್ಲ ಕಳೆದು ಕೊನೆಯ ಸ್ಟಾಪು. ಅದೇ ಬಸ್ಸಿನಲ್ಲಿ ವಾಪಸು. ತಮ್ಮ ಓಣಿಯ ಮುಂದೆ ಬಸ್ಸು ಹಾದುಹೋಗುವಾಗ ದುಪಟ್ಟಾ ತಲೆಗೆ ಎಳೆದುಕೊಂಡು ಮುಖ ತಗ್ಗಿಸುತ್ತಿದ್ದಳು. ಕಂಡಕ್ಟರುಗಳಿಗೆ ಅವಳ ಗುರುತಾಯಿತು. "ಎಲ್ಲಿ ಇಳೀಬೇಕಮ್ಮ ನೀನು?" ಎಂದು ಒಬ್ಬ ವಯಸ್ಸಾದ ಕಂಡಕ್ಟರು ಕೇಳಿದ. "ಮುಂದೆ" ಎಂದಳು. ಅವನು ಮತ್ತೆ ಕೇಳಲಿಲ್ಲ.

ಪರೀಕ್ಷೆಗೆ ಸ್ವಲ್ಪ ಮುಂಚೆ ಕಾಲೇಜಿನವರು ಅಪ್ಪನಿಗೆ ಹೇಳಿ ಕಳಿಸಿದರು. ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವ ಹಾಗಿಲ್ಲ. ಅಪ್ಪ ಹೋಗಿ ಕೈ ಮುಗಿದು ಬಂದ. ಸೂಪರಿಂಟೆಂಡೆಂಟರಿಗೂ ಬೇಸರವೇ. ಆದರೆ ಅಷ್ಟು ಕಮ್ಮಿ ಹಾಜರಿಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ.

"ಎಲ್ಲಿಗೆ ಹೋಗ್ತಿದ್ದೆ?" ಎಂದಳು ಅಮ್ಮ. ಬೈಗುಳಕ್ಕೆ ತಯಾರಾಗಿದ್ದ ಧನುಶ್ರೀಗೆ ಆ ತಣ್ಣನೆಯ ದನಿ ಕೇಳಿ ಹೆದರಿಕೆಯಾಯಿತು.

"ಬಸ್ಸಲ್ಲಿ ಕೂತಿರ್ತಿದ್ದೆ."

"ಬಸ್ಸಲ್ಲಿ?"

"ಆ ರೂಮಲ್ಲಿ ನನಗೆ ಕೂರೋಕಾಗಲ್ಲಮ್ಮ. ಇನ್ನು ಅಲ್ಲಿಗೆ ನಾನು ಹೋಗಲ್ಲ."

"ಅವನು ಇಷ್ಟಪಟ್ಟು ಸೇರಿದ್ದ ಕಾಲೇಜು ಕಣೇ."

ಮಾತು ನಾಲಿಗೆಯ ತುದಿಗೆ ಬಂತು. ಗ್ಯಾರೇಜು, ರಹೀಂ ಮಾಮು, ಅಕೌಂಟ್ಸ್ ಅಂದರೆ ಜ್ವರ. ಒಂದೇ ಒಂದು ವಾಕ್ಯ ಹೇಳಿದರೆ ತಾನು ಗೆಲ್ಲುತ್ತಿದ್ದಳು. ಅಮ್ಮನ ಮುಖ ನೋಡಿದಳು. ಈ ಹತ್ತು ತಿಂಗಳಲ್ಲಿ ಆ ಮುಖ ಅತ್ತೆಯ ಮುಖಕ್ಕಿಂತ ಮುದಿಯಾಗಿತ್ತು. ಮಾತನ್ನು ನುಂಗಿಕೊಂಡಳು.

"ಹಂಗಾದ್ರೆ ಅವನು ಪೂರ್ತಿ ಹೋದ ಹಾಗಾಯ್ತು" ಎಂದಳು ಅಮ್ಮ, ತನಗೆ ತಾನೇ ಹೇಳಿಕೊಳ್ಳುವಂತೆ.

"ನಾನಿದ್ದೀನಲ್ಲಮ್ಮ."

ಅಮ್ಮ ಅವಳ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಪಕ್ಕದ ಮನೆಯ ಮಗುವೊಂದು ಬಂದು ತೊಡೆಯ ಹತ್ತಿರ ಕೂತರೆ ಹೇಗೆ ನೋಡುತ್ತಾರೋ, ಹಾಗೆ ನೋಡಿದಳು. "ಇದ್ದೀಯ ಕಣೇ" ಎಂದಳು. "ಇದ್ದೀಯ." ಎದ್ದು ಒಳಗೆ ಹೋದಳು.

ಮತ್ತೆ ಜೂನ್ ಬಂತು. ಅತ್ತೆ ಫೋನಿನಲ್ಲಿ, "ಹಂಸ ಮೇಡಂ ಹೇಗೋ ಹೇಳಿ ಒಪ್ಪಿಸಿದ್ದಾರೆ, ಈ ವರ್ಷ ಎರಡನೇ ವರ್ಷಕ್ಕೆ ಮತ್ತೆ ಇಲ್ಲೇ ಸೇರಿಸಿಕೊಳ್ತಾರಂತೆ, ಬಾ" ಎಂದರು. ಧನುಶ್ರೀ ಆ ಸುದ್ದಿಯ ಬಗ್ಗೆ ಮನೆಯಲ್ಲಿ ಬಾಯಿ ಬಿಡಲಿಲ್ಲ. ಈ ಸಲ ಹೊರಡುತ್ತೇನೆಂದರೆ ಅಮ್ಮ ತಡೆಯುವುದಿಲ್ಲ, ತಾನೇ ಟ್ರಂಕು ಇಳಿಸಿ ಬಟ್ಟೆ ಮಡಿಸಿ ಕೊಟ್ಟಾಳು ಎನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಎರಡನೇ ಸಲ ಕಣ್ಣಾರೆ ನೋಡುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

ಒಬ್ಬಳೇ ಹೋಗಿ ಶಿವಾಜಿನಗರದ ಸಂಜೆ ಕಾಲೇಜಿನಲ್ಲಿ ವಿಚಾರಿಸಿದಳು. ಜಾಗವಿತ್ತು. ಅಪ್ಪ ಸಹಿ ಹಾಕಿಕೊಟ್ಟ. ಅಮ್ಮನಿಗೆ ಹೇಳುವಾಗ ಅವಳು ಬೇಕೆಂದೇ, "ಬರೋವಾಗ ಕತ್ತಲಾಗುತ್ತೆ" ಎಂದು ಸೇರಿಸಿದಳು. ಅಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. "ಹೂಂ" ಎಂದಳು. ಅಷ್ಟೇ. ಧನುಶ್ರೀ ಸ್ವಲ್ಪ ಹೊತ್ತು ಕಾದಳು, ಬೇಡವೆನ್ನಬಹುದೆಂದು. ಮೊರದಲ್ಲಿ ಅಕ್ಕಿ ಜಾರುವ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಮೊದಲ ದಿನ ಕ್ಲಾಸಿನಲ್ಲಿ ಇಪ್ಪತ್ತು ಮೂವತ್ತು ಜನರಿದ್ದರು. ಕೆಲವರು ಅಪ್ಪನಿಗಿಂತ ಸ್ವಲ್ಪ ಚಿಕ್ಕವರು ಅಷ್ಟೆ. ಹೊರಗೆ ಬಸ್ಸುಗಳ ಹಾರನ್ನು, ಮಸೀದಿಯ ಸಂಜೆಯ ಆಜಾನು. ಮೇಷ್ಟ್ರು ದಣಿದ ಮುಖದ ಮನುಷ್ಯ, ಹಗಲು ಬೇರೆಲ್ಲೋ ಪಾಠ ಹೇಳಿ ಬಂದವರು. ಒಬ್ಬೊಬ್ಬರನ್ನೇ ಎಬ್ಬಿಸಿ, ಎಲ್ಲಿ ಕೆಲಸ ಎಂದು ಕೇಳುತ್ತ ಬಂದರು. ಒಬ್ಬ ಔಷಧಿ ಅಂಗಡಿ, ಒಬ್ಬ ಕೊರಿಯರ್ ಆಫೀಸು, ಮುಂದಿನ ಸಾಲಿನಲ್ಲಿದ್ದ ಸಾಬಿರಾ ಎನ್ನುವವಳು ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯೊಂದರಲ್ಲಿ ಬಿಲ್ಲು ಬರೆಯುವವಳು. ಧನುಶ್ರೀಯ ಸರದಿ ಬಂತು.

"ಕೆಲಸ ಇಲ್ಲ ಸಾರ್" ಎಂದಳು ಧನುಶ್ರೀ.

ಅವರು ಅವಳ ಹಳೆಯ ಅಂಕಗಳ ಕಡೆ ಕಣ್ಣು ಹಾಯಿಸಿ ಹುಬ್ಬೇರಿಸಿದರು. "ಫಸ್ಟ್ ಇಯರಲ್ಲಿ ಅಕೌಂಟ್ಸ್‌ಗೆ ಇಷ್ಟು ತಗೊಂಡಿದ್ದೀಯ. ಕೆಲಸಾನೂ ಇಲ್ಲ ಅಂತೀಯ. ಡೇ ಕಾಲೇಜಿಗೆ ಯಾಕೆ ಹೋಗ್ಲಿಲ್ಲಮ್ಮ?"

ಉಳಿದವರೂ ತಿರುಗಿ ನೋಡಿದರು. ಹೇಳಬೇಕಾದದ್ದು ಎಷ್ಟೊಂದು ಇತ್ತು. ಎಲ್ಲಿಂದ ಶುರು ಮಾಡಬೇಕೆಂದು ಒಂದು ಗಳಿಗೆ ಯೋಚಿಸಿದಳು.

"ಸೀಟು ಸಿಗಲಿಲ್ಲ ಸಾರ್" ಎಂದಳು.

ಅವರು ತಲೆಯಾಡಿಸಿ, ಕೂರಮ್ಮ ಎಂದು ಕೈಸನ್ನೆ ಮಾಡಿ, ಮುಂದಿನವನ ಕಡೆ ತಿರುಗಿದರು.